ನೆತ್ತರುಗೊಡಗೆ

2025ನೆಯ ಇಸವಿಯ ಆಗಸ್ಟ್ ತಿಂಗಳಲ್ಲಿ ನಮ್ಮ ದೇಶದ ನಾಯಿಗಳನ್ನು ಕುರಿತು ಎರಡು ಸುದ್ದಿಗಳು ಬಂದುವು. ಒಂದನ್ನು ಎಲ್ಲರೂ ಓದಿದರು. ದೆಹಲಿಯ ಸುತ್ತಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿ ಕೂಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 11ನೆಯ ತಾರೀಖು ಆಜ್ಞೆ ಮಾಡಿತು. 22ರಂದು ಮೂವರು ನ್ಯಾಯಾಧೀಶರ ಪೀಠವು ಅದನ್ನು ತಿದ್ದಿ, ಹುಚ್ಚು ಹಿಡಿದವನ್ನೂ ಮೇಲೆ ಬೀಳುವ ಸ್ವಭಾವದವನ್ನೂ ಬಿಟ್ಟು, ಉಳಿದ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಹಿಡಿದ ಎಡೆಗೇ ಮರಳಿ ಬಿಡಬೇಕೆಂದಿತು. ಇದರ ಮೇಲೆ ಮನೆಮನೆಯಲ್ಲೂ ವಾದ ನಡೆಯಿತು. ಇನ್ನೊಂದು ಸುದ್ದಿಯನ್ನು ಓದಿದವರು ಕಡಮೆ. ಕೇಂದ್ರ ಸರ್ಕಾರದ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯು ಅದೇ ತಿಂಗಳು ಪ್ರಾಣಿಗಳಿಗೆ ರಕ್ತ ಕೊಡುವ ಚಿಕಿತ್ಸೆಯನ್ನೂ ಪ್ರಾಣಿಗಳ ರಕ್ತನಿಧಿಯನ್ನೂ ಕುರಿತು ಇಡೀ ದೇಶಕ್ಕೆ ಅನ್ವಯಿಸುವ ಮಾರ್ಗಸೂಚಿಯೊಂದನ್ನು ಹೊರತಂದಿತು. ಮೊದಲ ಸುದ್ದಿ ನಾಯಿಯಿಂದ ನಮಗೆ ಆಗುವ ಕೇಡಿನದು. ಎರಡನೆಯದು ನಾಯಿಯ ಮೈಯಲ್ಲಿ ಹರಿಯುವ ರಕ್ತದ ಬೆಲೆಯದು. ಈ ಎರಡನೆಯದು ನಮ್ಮ ಸೀಮೆಯ ಮಟ್ಟಿಗೆ ಏನು ಹೇಳುತ್ತದೆ ಎಂಬುದನ್ನು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ.

ನಾಯಿಬೆಕ್ಕುಗಳಿಗೆ ರಕ್ತ ಕೊಡುವುದು ಪಟ್ಟಣದ ಸಿರಿವಂತರ ಶೋಕಿಯೆಂದು ಅನೇಕರು ತಿಳಿದಿದ್ದಾರೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ಒಮ್ಮೆ ಓಡಾಡಿದವರಿಗೆ ಈ ತಿಳಿವಳಿಕೆ ನಿಲ್ಲುವುದಿಲ್ಲ. ಇಲ್ಲಿ ನಾಯಿ ಅಲಂಕಾರದ ಪ್ರಾಣಿಯಲ್ಲ. ದ್ರಾಕ್ಷಿಯ ತೋಟಕ್ಕೂ ಟೊಮೆಟೊ ಹೊಲಕ್ಕೂ ಕುರಿಯ ಹಟ್ಟಿಗೂ ಅದೇ ಕಾವಲು. ರೇಷ್ಮೆಹುಳು ಸಾಕುವ ಮನೆಯಲ್ಲಿ ಇಲಿಯ ಕಾಟವನ್ನು ತಡೆಯುವುದು ಬೆಕ್ಕು. ಇವುಗಳಿಗೆ ಪ್ರಾಣಾಪಾಯ ಬರುವ ದಾರಿಗಳೂ ಈ ಬದುಕಿನಲ್ಲಿಯೇ ಇವೆ. ಮೊದಲನೆಯದು ಉಣ್ಣೆ, ಎಂದರೆ ಚರ್ಮಕ್ಕೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಅದರ ಮೂಲಕ ಎರ್ಲಿಕಿಯ, ಬೆಬೀಸಿಯ ಎಂಬ ಸೂಕ್ಷ್ಮಜೀವಿಗಳು ನಾಯಿಯ ಮೈಯನ್ನು ಸೇರುತ್ತವೆ. ಒಂದು ರಕ್ತದ ಬಿಳಿಯ ಕಣಗಳಲ್ಲಿ ಮನೆಮಾಡಿ ರಕ್ತ ಹೆಪ್ಪುಗಟ್ಟುವ ವ್ಯವಸ್ಥೆಯನ್ನು ಕೆಡಿಸುತ್ತದೆ. ಇನ್ನೊಂದು ಕೆಂಪು ಕಣಗಳ ಒಳಹೊಕ್ಕು ಅವನ್ನು ಒಡೆಯುತ್ತದೆ. ಎರಡನೆಯದು ಪಾರ್ವೊ ಎಂಬ ವೈರಸ್ಸಿನಿಂದ ಬರುವ ರಕ್ತಭೇದಿ. ಲಸಿಕೆ ಕಾಣದ ಮರಿಗಳನ್ನು ಅದು ನಾಲ್ಕಾರು ದಿನಗಳಲ್ಲಿ ಮುಗಿಸುತ್ತದೆ. ಮೂರನೆಯದು ಇಲಿಪಾಷಾಣ. ಅದರ ಒಂದು ಬಗೆ ಹೆಪ್ಪುಗಟ್ಟುವ ಗುಣವನ್ನೇ ನಿಲ್ಲಿಸಿ, ಹೊರಗೆ ಗಾಯವೇ ಕಾಣದಂತೆ ಒಳಗೊಳಗೇ ರಕ್ತ ಸೋರಿಸಿ ಕೊಲ್ಲುತ್ತದೆ. ನಾಲ್ಕನೆಯದು ಹೆದ್ದಾರಿ, ಅದನ್ನು ವಿವರಿಸಬೇಕಾಗಿಲ್ಲ. ಐದನೆಯದು ನಮ್ಮ ಅಡಿಗೆಮನೆಯಲ್ಲೇ ಇದೆ: ಈರುಳ್ಳಿ, ಬೆಳ್ಳುಳ್ಳಿಗಳು ಹೆಚ್ಚು ಪ್ರಮಾಣದಲ್ಲಿ ಹೊಟ್ಟೆಗೆ ಹೋದರೆ ನಾಯಿಬೆಕ್ಕುಗಳ ಕೆಂಪು ಕಣಗಳು ಒಡೆಯುತ್ತವೆ. ಉಳಿದ ಸಾರನ್ನ ಹಾಕಿ ಸಾಕಿದೆವೆಂದು ಸಮಾಧಾನ ಪಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ಇಂಥ ಸಂದರ್ಭಗಳಲ್ಲಿ ರಕ್ತವೇ ಮದ್ದೆಂದು ತಿಳಿಯಬಾರದು. ಹೊರಗಿನಿಂದ ಬಂದ ರಕ್ತ ಉಣ್ಣೆಜ್ವರವನ್ನು ಗುಣಪಡಿಸುವುದಿಲ್ಲ, ಪಾಷಾಣವನ್ನು ತೆಗೆಯುವುದಿಲ್ಲ. ಅದು ಒದಗಿಸುವುದು ವಾಯಿದೆಯನ್ನು. ಮದ್ದು ತನ್ನ ಕೆಲಸ ಮಾಡುವವರೆಗೆ, ಮೂಳೆಯೊಳಗಿನ ಮಜ್ಜೆ ಹೊಸ ರಕ್ತವನ್ನು ಹುಟ್ಟಿಸುವವರೆಗೆ, ಉಸಿರು ನಿಲ್ಲದಂತೆ ಅದು ಹಿಡಿದುಕೊಳ್ಳುತ್ತದೆ. ಆರೋಗ್ಯವಾಗಿರುವ ನಾಯಿಯ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಸುಮಾರು 37ರಿಂದ 55ರವರೆಗೆ ಇರುತ್ತದೆ. ಅದು 20ಕ್ಕಿಂತ ಕೆಳಗಿಳಿದು, ವಸಡು ಬಿಳಿಚಿಕೊಂಡು, ಉಸಿರು ಏದುತ್ತಿದ್ದರೆ ವೈದ್ಯರು ರಕ್ತದ ಮಾತೆತ್ತುತ್ತಾರೆ. ಒಂದು ಕಿಲೋ ತೂಕಕ್ಕೆ 2 ಮಿಲಿಲೀಟರಿನಂತೆ ರಕ್ತ ಕೊಟ್ಟರೆ ಆ ಪಾಲು ಸುಮಾರು ಒಂದಂಶ ಏರುತ್ತದೆಂದು ಅವರ ಲೆಕ್ಕ. ಮೊದಲ ಅರ್ಧ ಗಂಟೆ ತೊಟ್ಟುತೊಟ್ಟಾಗಿ ಬಿಟ್ಟು, ಮೈ ಬಿಸಿಯಾಯಿತೆ, ವಾಂತಿಯಾಯಿತೆ, ಮುಖ ಊದಿತೆ ಎಂದು ನೋಡುತ್ತ, ನಾಲ್ಕು ಗಂಟೆಯೊಳಗೆ ಮುಗಿಸಬೇಕು.

ರಕ್ತದ ಗುಂಪುಗಳ ವಿಷಯದಲ್ಲಿ ನಿಸರ್ಗವು ನಾಯಿಗೂ ಬೆಕ್ಕಿಗೂ ಬೇರೆಬೇರೆ ಕಟ್ಟಳೆ ಮಾಡಿದೆ. ನಾಯಿಗಳಲ್ಲಿ ಹಲವು ಗುಂಪುಗಳಿದ್ದರೂ ಡಿ.ಇ.ಎ. 1 ಎಂಬುದೇ ಮುಖ್ಯ. ಅದು ಇರುವ ನಾಯಿ, ಇಲ್ಲದ ನಾಯಿ ಎಂದು ಎರಡು ಬಣಗಳು. ಆದರೆ ಅದು ಇಲ್ಲದ ನಾಯಿಯ ಮೈಯಲ್ಲಿ ಅದಕ್ಕೆದುರಾದ ಹಗೆ ಹುಟ್ಟಿನಿಂದಲೇ ಇರುವುದಿಲ್ಲ. ಆದಕಾರಣ ಮೊದಲ ಸಲ ಹೊಂದದ ರಕ್ತವನ್ನು ಕೊಟ್ಟರೂ ಸಾಮಾನ್ಯವಾಗಿ ಕೂಡಲೇ ಅನಾಹುತವಾಗದು. ಎರಡನೆಯ ಸಲ ಆಗುತ್ತದೆ. ಬೆಕ್ಕಿನದು ಬಹಳ ಬಿಗಿಯಾದ ಪಂಕ್ತಿಭೇದ. ಎ, ಬಿ, ಎಬಿ ಎಂಬ ಮೂರು ಗುಂಪುಗಳಿವೆ. ಬಹುಪಾಲು ಬೆಕ್ಕುಗಳು ಎ ಗುಂಪಿನವು. ಬಿ ಗುಂಪಿನ ಬೆಕ್ಕಿನ ಮೈಯಲ್ಲಿ ಎ ಗುಂಪಿನ ರಕ್ತವನ್ನು ಧ್ವಂಸಮಾಡುವ ಶಕ್ತಿ ಮೊದಲಿನಿಂದಲೂ ಸಿದ್ಧವಾಗಿರುತ್ತದೆ. ಗೊತ್ತಿಲ್ಲದೆ ಸ್ವಲ್ಪವೇ ಕೊಟ್ಟರೂ ಪ್ರಾಣ ಹೋಗಬಹುದು. ಇದಕ್ಕಿಂತ ಆಶ್ಚರ್ಯದ ಸಂಗತಿಯೊಂದಿದೆ. ಬೆಕ್ಕಿನ ರಕ್ತ ಎಲ್ಲಿಯೂ ಸಿಕ್ಕದೆ ಹೋದಾಗ, ಕೊನೆಯ ಉಪಾಯವಾಗಿ, ನಾಯಿಯ ರಕ್ತವನ್ನು ಬೆಕ್ಕಿಗೆ ಒಂದೇ ಒಂದು ಸಲ ಕೊಡುವುದುಂಟು. ಕೆಲವೇ ದಿನಗಳಲ್ಲಿ ಬೆಕ್ಕಿನ ಮೈ ಆ ಕಣಗಳನ್ನು ಅಳಿಸಿಬಿಡುತ್ತದೆ; ಮತ್ತೊಮ್ಮೆ ಕೊಟ್ಟರೆ ಅದೇ ಮೃತ್ಯು. ಆದರೆ ಆ ಕೆಲವು ದಿನಗಳ ವಾಯಿದೆಯಿಂದ ಬದುಕಿದ ಬೆಕ್ಕುಗಳಿವೆ. ನಾಯಿಬೆಕ್ಕಿನ ಹಗೆಯನ್ನು ಗಾದೆಯಾಗಿಸಿದ ನಾವು ಇದನ್ನೂ ನೆನಪಿನಲ್ಲಿಡಬಹುದು.

ಈ ವಿದ್ಯೆ ಇಂದು ನೆನ್ನೆ ಹುಟ್ಟಿದ್ದಲ್ಲ. ಮನುಷ್ಯರಿಗೆ ರಕ್ತ ಕೊಡುವುದನ್ನು ಕಲಿತು ಆಮೇಲೆ ಕರುಣೆಯಿಂದ ನಾಯಿಗೂ ಕೊಡತೊಡಗಿದೆವೆಂದು ನಾವು ಭಾವಿಸುತ್ತೇವೆ. ಚರಿತ್ರೆ ಇದಕ್ಕೆ ತೀರ ವಿರುದ್ಧ. 1665ರಲ್ಲಿ ಆಕ್ಸ್‌ಫರ್ಡಿನಲ್ಲಿ ರಿಚರ್ಡ್ ಲೋವರ್ ಎಂಬ ವೈದ್ಯನು ಒಂದು ನಾಯಿಯ ರಕ್ತವನ್ನು ಸಾಯುವಷ್ಟರಮಟ್ಟಿಗೆ ಹರಿಸಿ, ದೊಡ್ಡ ಜಾತಿಯ ನಾಯಿಯ ಧಮನಿಯಿಂದ ಅದರ ಸಿರೆಗೆ ಕೊಳವೆ ಜೋಡಿಸಿ, ಅದನ್ನು ಮತ್ತೆ ಎಬ್ಬಿಸಿದನು. ಜಗತ್ತಿನಲ್ಲಿ ಸಫಲವಾದ ಮೊದಲ ರಕ್ತಪೂರಣ ಅದು. ಪಡೆದ ನಾಯಿ ಬದುಕಿತು, ಕೊಟ್ಟದ್ದು ಸತ್ತಿತು. ಮರುವರ್ಷ ಲಂಡನ್ನಿನಲ್ಲಿ ಇಂಥದೇ ಪ್ರಯೋಗ ನಡೆದುದನ್ನು ಸ್ಯಾಮ್ಯುಅಲ್ ಪೀಪ್ಸ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. 1667ರಲ್ಲಿ ಫ್ರಾನ್ಸಿನ ದೆನಿ ಎಂಬ ವೈದ್ಯನು ಕುರಿಮರಿಯ ರಕ್ತವನ್ನು ಒಬ್ಬ ಹುಡುಗನಿಗೆ ಕೊಟ್ಟನು. ಆಮೇಲೆ ಅವನ ರೋಗಿಯೊಬ್ಬನು ಸತ್ತು, ವಿಷಯ ನ್ಯಾಯಾಲಯಕ್ಕೆ ಹೋಗಿ, ಪ್ಯಾರಿಸಿನಲ್ಲಿ ನಿರ್ಬಂಧ ಬಿದ್ದು, ಈ ವಿದ್ಯೆಯೇ ಸುಮಾರು ಒಂದೂವರೆ ಶತಮಾನ ಮಲಗಿಬಿಟ್ಟಿತು. 1818ರಲ್ಲಿ ಜೇಮ್ಸ್ ಬ್ಲಂಡೆಲ್ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಕೊಡುವುದಕ್ಕೆ ಮುಂಚೆ ಪ್ರಯೋಗ ಮಾಡಿದ್ದು ನಾಯಿಗಳ ಮೇಲೆ. ರಕ್ತ ಹೆಪ್ಪುಗಟ್ಟದಂತೆ ಸೀಸೆಯಲ್ಲಿಡಲು ಸಿಟ್ರೇಟ್ ಉಪ್ಪನ್ನು ಎಷ್ಟು ಬೆರಸಬಹುದೆಂದು 1914–15ರಲ್ಲಿ ಗೊತ್ತುಮಾಡುವಾಗಲೂ ಅದರ ಅಪಾಯವನ್ನು ಮೊದಲು ಮೈಮೇಲೆ ಹೊತ್ತದ್ದು ನಾಯಿಯೇ. ಇಂದು ನಮ್ಮ ಊರಿನ ಯಾವುದೇ ಹೆರಿಗೆ ಆಸ್ಪತ್ರೆಯಲ್ಲಿ ಒಬ್ಬ ತಾಯಿ ಒಂದು ಚೀಲ ರಕ್ತದಿಂದ ಉಳಿದರೆ, ಆ ಚೀಲದ ಹಿಂದೆ ಹೆಸರಿಲ್ಲದ ಎಷ್ಟೋ ನಾಯಿಗಳಿವೆ.

ದೂರದ ದೇಶದ ಮಾತೇಕೆ? ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ದಾರಿಯಲ್ಲಿಯೇ ಇರುವ ಹೆಬ್ಬಾಳದಲ್ಲಿ 1925ರಲ್ಲಿ ಮೈಸೂರು ಸಂಸ್ಥಾನವು ಸೀರಮ್ ಸಂಸ್ಥೆಯನ್ನು ಸ್ಥಾಪಿಸಿತು. ನಮ್ಮ ಹಿರಿಯರು ದೊಡ್ಡರೋಗವೆಂದು ನಡುಗುತ್ತಿದ್ದ ದನಗಳ ಮಾರಿಯನ್ನು ತಡೆಯುವುದು ಅದರ ಉದ್ದೇಶ. ರೋಗವನ್ನು ಗೆದ್ದ ಪ್ರಾಣಿಯ ರಕ್ತದಿಂದ ತೆಗೆದ ರಸವೇ ಆ ಕಾಲದ ಸೀರಮ್. ಒಂದು ದನದ ನೆತ್ತರಿನಿಂದ ಇನ್ನೊಂದು ದನ ಬದುಕುತ್ತಿತ್ತು. 2011ರಲ್ಲಿ ಆ ರೋಗವು ಭೂಮಿಯಿಂದಲೇ ಅಳಿಯಿತೆಂದು ಘೋಷಣೆಯಾಯಿತು. ಇನ್ನೂ ಹತ್ತಿರದ ನಿದರ್ಶನ ಬೇಕೆ? ನಮ್ಮ ಹೊಲಗಳಲ್ಲಿ ಕೊಳಕುಮಂಡಲ ಕಚ್ಚಿದವನನ್ನು ಆಸ್ಪತ್ರೆಗೆ ಒಯ್ದಾಗ ಅವನ ತೋಳಿಗೆ ಹನಿಯುವ ಮದ್ದು ಕುದುರೆಯ ರಕ್ತದ ಸಾರ. ಕುದುರೆಗೆ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ಮೈ ಹುಟ್ಟಿಸಿದ ಪ್ರತಿವಿಷವನ್ನು ಅದರ ನೆತ್ತರಿನಿಂದ ಬೇರ್ಪಡಿಸಿದ್ದು. ರಕ್ತಸಂಬಂಧವೆಂಬ ಮಾತನ್ನು ನಾವು ದಾಯಾದಿಗಳಿಗೆ ಮೀಸಲಿಟ್ಟಿದ್ದೇವೆ. ಅದರ ವ್ಯಾಪ್ತಿ ನಾವು ಒಪ್ಪಿಕೊಂಡದ್ದಕ್ಕಿಂತ ಬಹಳ ದೊಡ್ಡದು.

ಇಷ್ಟಾದರೂ ಒಂದು ಆಕ್ಷೇಪ ಉಳಿಯುತ್ತದೆ. ಅದನ್ನು ಹಗುರವಾಗಿ ತಳ್ಳುವಂತಿಲ್ಲ. ಮನುಷ್ಯರಿಗೇ ರಕ್ತ ಸಿಕ್ಕದೆ ನೆಂಟರಿಷ್ಟರು ಅಲೆಯುವ ನಾಡಿನಲ್ಲಿ ನಾಯಿಗೆ ರಕ್ತನಿಧಿಯೆ ಎಂದು ಕೇಳುವವರಿದ್ದಾರೆ. ನಾಯಿಗೆ ಕೊಡುವ ರಕ್ತ ಯಾವ ಮನುಷ್ಯನ ಬಾಯಿಂದಲೂ ಕಿತ್ತದ್ದಲ್ಲ. ಅದು ಮನುಷ್ಯನಿಗೆ ಒದಗುವುದೂ ಇಲ್ಲ. ಪೈಪೋಟಿ ಇರುವುದು ಹಣದಲ್ಲಿ ಮತ್ತು ವೈದ್ಯರ ವೇಳೆಯಲ್ಲಿ. ನಮ್ಮ ತಾಲ್ಲೂಕು ಪಶು ಆಸ್ಪತ್ರೆಗಳು ಮುಖ್ಯವಾಗಿ ದನಕರುಗಳನ್ನು ಕಣ್ಣಮುಂದಿಟ್ಟು ಕಟ್ಟಿದವು, ಮತ್ತು ಅದು ನ್ಯಾಯವೇ. ಹಾಲಿನಿಂದ ಮನೆ ನಡೆಸುವವರ ಸೀಮೆ ಇದು. ಆದರೆ ಅದೇ ಸೀಮೆಹಸುವಿಗೆ ಉಣ್ಣೆಯಿಂದ ಥೈಲೀರಿಯ ಜ್ವರ ಬಂದು ರಕ್ತ ಬತ್ತಿದಾಗ, ಆರೋಗ್ಯವಾದ ಇನ್ನೊಂದು ಹಸುವಿನಿಂದ ಸಿಟ್ರೇಟ್ ಬೆರೆತ ಸೀಸೆಗೆ ಲೀಟರುಗಟ್ಟಲೆ ರಕ್ತ ಹಿಡಿದು, ಕೊಟ್ಟಿಗೆಯಲ್ಲಿಯೇ ನಿಂತು ಕೊಡುವ ಪಶುವೈದ್ಯರಿದ್ದಾರೆ. ವಿದ್ಯೆ ಒಂದೇ, ಕೈಚಳಕ ಒಂದೇ, ಉಣ್ಣೆಯ ಮೇಲಿನ ಯುದ್ಧವೂ ಒಂದೇ. ನಾಯಿಗಾಗಿ ಕಲಿತದ್ದು ಹಸುವಿಗೂ ಸಲ್ಲುತ್ತದೆ.

ನನ್ನ ಮನಸ್ಸನ್ನು ನಿಜವಾಗಿ ಕಾಡುವ ಪ್ರಶ್ನೆ ಬೇರೆ. ಅದನ್ನು ನನ್ನ ಮುಂದಿಟ್ಟವಳು ನನ್ನ ವಿದ್ಯಾರ್ಥಿನಿ, ಶಿಡ್ಲಘಟ್ಟದ ಕಡೆಯ ರೇಷ್ಮೆ ಬೆಳೆಗಾರರ ಮಗಳು. ಅವರ ತೋಟದ ನಾಯಿ ಉಣ್ಣೆಜ್ವರದಿಂದ ನೆಲಹಿಡಿದಾಗ, ಅದನ್ನು ಗೂಡು ಸಾಗಿಸುವ ಗಾಡಿಯಲ್ಲಿ ಮಲಗಿಸಿಕೊಂಡು ಬೆಂಗಳೂರಿಗೆ ಒಯ್ದರು. ಅಲ್ಲಿ ಯಾರೋ ಗುರುತಿಲ್ಲದವರು ತಮ್ಮ ದೊಡ್ಡ ನಾಯಿಯನ್ನು ಕರೆತಂದು ರಕ್ತ ಕೊಡಿಸಿದರು. ತೋಟದ ನಾಯಿ ಬದುಕಿತು. ದಾನದ ವಿಷಯವಾಗಿ ತರಗತಿಯಲ್ಲಿ ಮಾತು ಬಂದಾಗ ಆಕೆ ಕೇಳಿದಳು: “ಸಾರ್, ಆ ನಾಯಿ ರಕ್ತ ಕೊಟ್ಟಿತು ಅನ್ನಬೇಕೋ, ಅದರಿಂದ ನಾವು ತೆಗೆದುಕೊಂಡೆವು ಅನ್ನಬೇಕೋ?”

ಕನ್ನಡ ಕಲಿಸುವವನಿಗೆ ಇದು ಕ್ರಿಯಾಪದದ ಪ್ರಶ್ನೆ, ಧರ್ಮದ ಪ್ರಶ್ನೆಯೂ ಹೌದು. ಶಿಬಿಯು ಪಾರಿವಾಳಕ್ಕಾಗಿ ತನ್ನ ಮಾಂಸವನ್ನು ತಾನೇ ಕೊಯ್ದು ತಕ್ಕಡಿಗೆ ಹಾಕಿದನು, ಅದು ದಾನ. ವಸ್ತು ತನ್ನದಾಗಿರಬೇಕು, ಅರಿತು ಕೊಡಬೇಕು, ಒಲ್ಲೆನೆನ್ನುವ ಸ್ವಾತಂತ್ರ್ಯವಿದ್ದೂ ಕೊಡಬೇಕು. ಮೇಜಿನ ಮೇಲೆ ಕುತ್ತಿಗೆಯ ಕೂದಲು ಬೋಳಿಸಿಕೊಂಡು ಮಲಗಿದ ನಾಯಿಗೆ ಈ ಮೂರರಲ್ಲಿ ಒಂದೂ ಇಲ್ಲ. ಒಪ್ಪಿಗೆಯ ಪತ್ರಕ್ಕೆ ರುಜು ಹಾಕುವವನು ಯಜಮಾನ, ರಕ್ತ ಹೋಗುವುದು ನಾಯಿಯದು. ಜನ್ನನ ಯಶೋಧರ ಚರಿತೆಯಲ್ಲಿ ಹಿಟ್ಟಿನ ಕೋಳಿಯೊಂದನ್ನು ಬಲಿಗೊಟ್ಟ ಸಂಕಲ್ಪಮಾತ್ರದ ಹಿಂಸೆಗೆ ಮಗನು ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ, ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಸಂಕಲ್ಪಕ್ಕೆ ಅಷ್ಟು ತೂಕ ಕೊಟ್ಟ ಸಾಹಿತ್ಯವನ್ನು ಓದಿದವರು, ಕೊಡುವ ಸಂಕಲ್ಪವೇ ಇಲ್ಲದ ಪ್ರಾಣಿಯ ಹೆಸರಿನಲ್ಲಿ ದಾನವೆಂಬ ಮಾತನ್ನು ಸರಾಗವಾಗಿ ಆಡುವುದು ಕಷ್ಟ.

ಇದು ಬರಿಯ ಶಬ್ದಚರ್ಚೆಯಲ್ಲ. ದಾನವೆಂದ ಕೂಡಲೆ ಪಡೆದವನು ಕೈಮುಗಿದು ಹೋಗುತ್ತಾನೆ. ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಅಪಾಯವಿರುವುದು ಅಲ್ಲಿಯೇ. ರಕ್ತಕ್ಕೆ ಬೇಡಿಕೆ ಹೆಚ್ಚಿ, ಒಂದು ಚೀಲಕ್ಕೆ ಬೆಲೆ ಕಟ್ಟುವ ಕಾಲ ಬಂದರೆ, ಯಾರ ಮೇಲೆ ಮೊದಲು ಕೈಬೀಳುತ್ತದೆ? ಯಜಮಾನನಿಲ್ಲದ, ಬೇಡವೆನ್ನುವವರಿಲ್ಲದ ಬೀದಿನಾಯಿಯ ಮೇಲೆ. 2025ರ ನವೆಂಬರ್ 7ರಂದು ಸರ್ವೋಚ್ಚ ನ್ಯಾಯಾಲಯವು ಶಾಲೆಕಾಲೇಜು, ಆಸ್ಪತ್ರೆ, ಬಸ್ಸುನಿಲ್ದಾಣ ಮುಂತಾದ ಕಡೆಗಳಿಂದ ಬೀದಿನಾಯಿಗಳನ್ನು ತೆಗೆದು ಆಶ್ರಯಗಳಿಗೆ ಸೇರಿಸಬೇಕೆಂದಿತು. ಮಕ್ಕಳಿಗೆ ಕಚ್ಚುವ ಭಯ ನಿಜವಾದದ್ದು. ಆ ಆಜ್ಞೆಯ ಗುಣದೋಷ ಇಲ್ಲಿ ಪ್ರಸ್ತುತವಲ್ಲ. ಆದರೆ ಹೀಗೆ ಕೂಡಿಹಾಕಿದ ನಾಯಿಗಳು ರಕ್ತ ಕರೆಯುವ ದೊಡ್ಡಿಯಾಗಬಾರದೆಂದು ಈಗಲೇ ಹೇಳಿಡಬೇಕು. ಕೇಂದ್ರದ ಮಾರ್ಗಸೂಚಿ ಈ ವಿಷಯದಲ್ಲಿ ಸರಿಯಾದ ಹೆಜ್ಜೆಯಿಟ್ಟಿದೆ. ರಕ್ತಕ್ಕೆ ಹಣ ಕೊಡಕೂಡದು, ಯಜಮಾನನು ತಿಳಿದು ಒಪ್ಪಿರಬೇಕು, ಕೊಡುವ ಪ್ರಾಣಿಗೂ ಹಕ್ಕುಗಳುಂಟು, ಗುಂಪು ನೋಡದೆ ಮತ್ತು ಎರಡು ರಕ್ತಗಳು ಕೂಡುವುವೆ ಎಂದು ಪರೀಕ್ಷಿಸದೆ ಕೊಡಕೂಡದು, ರಾಷ್ಟ್ರಮಟ್ಟದಲ್ಲಿ ರಕ್ತನಿಧಿಗಳ ಜಾಲವೊಂದಿರಬೇಕು ಎಂದು ಅದು ಹೇಳುತ್ತದೆ. ಆದರೆ ಅದು ಶಾಸನವಲ್ಲ, ಸಲಹೆ. ಸಲಹೆಗೆ ಜೀವ ಬರುವುದು ಊರವರ ನಡೆಯಿಂದ.

ದಾನವಲ್ಲವಾದರೆ ಇದನ್ನು ಏನೆನ್ನೋಣ? ನಮ್ಮ ಶಾಸನಗಳಲ್ಲಿ ಒಂದು ಮಾತಿದೆ: ನೆತ್ತರುಗೊಡಗೆ. ಊರಿಗಾಗಿ, ತುರುಗಳಿಗಾಗಿ ಕಾದಿ ನೆತ್ತರು ಸುರಿಸಿದವನ ಮನೆಯವರಿಗೆ ಅರಸನೋ ಊರವರೋ ಬಿಟ್ಟುಕೊಡುತ್ತಿದ್ದ ಭೂಮಿಗೆ ಆ ಹೆಸರು. ನಮ್ಮ ಈ ಕೋಲಾರ, ಚಿಕ್ಕಬಳ್ಳಾಪುರದ ನೆಲದಲ್ಲಿ ವೀರಗಲ್ಲುಗಳಿಗೆ ಬರವಿಲ್ಲ. ಆ ಮಾತಿನ ಅರ್ಥವನ್ನು ಗಮನಿಸಬೇಕು. ನೆತ್ತರು ಕೊಟ್ಟವನ ಔದಾರ್ಯವನ್ನು ಅದು ಹೊಗಳುವುದಿಲ್ಲ. ಪಡೆದವರ ಹೊಣೆಯನ್ನು ಹೇಳುತ್ತದೆ. ಯಾರ ನೆತ್ತರಿನಿಂದ ನಾವು ಉಳಿದೆವೋ ಅವರ ಅನ್ನ ಇನ್ನು ನಮ್ಮ ಲೆಕ್ಕ ಎಂಬುದು ಅದರ ತಾತ್ಪರ್ಯ. ಈ ಗೌರವವು ಮನುಷ್ಯರಿಗಷ್ಟೇ ಸಲ್ಲಲಿಲ್ಲ. ಮಂಡ್ಯದ ಸೀಮೆಯ ಆತಕೂರಿನಲ್ಲಿ ಕ್ರಿ.ಶ. 949–50ರ ಕಲ್ಲೊಂದು ನಿಂತಿತ್ತು. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಕಡೆಯ ವೀರನಾದ ಮಣಲೆರನು ಚೋಳರ ಮೇಲಣ ಯುದ್ಧದಲ್ಲಿ ಮೆರೆದು, ದೊರೆಯ ಮೆಚ್ಚುಗೆಯಾಗಿ ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಬೇಡಿದನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಕಾದಿ, ಎರಡೂ ಸತ್ತುವು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು.

ಹತ್ತನೆಯ ಶತಮಾನದವರಿಗೆ ಸಾಧ್ಯವಾದದ್ದು ನಮಗೆ ಆಗದೆ? ನಮ್ಮ ನಾಲ್ಕು ಊರುಗಳಿಗೆ ದೊಡ್ಡ ರಕ್ತನಿಧಿಯ ಕಟ್ಟಡ ಈಗ ಬೇಕೆಂದು ನಾನು ಹೇಳುವುದಿಲ್ಲ. ಚೆನ್ನೈಯ ಮದ್ರಾಸ್ ಪಶುವೈದ್ಯ ಕಾಲೇಜಿನಲ್ಲಿ ಪ್ರಾಣಿಗಳ ರಕ್ತನಿಧಿ ಇದೆ. ಅದು ದೊಡ್ಡ ಸಂಸ್ಥೆಯ ಕೆಲಸ. ಇಲ್ಲಿಯವರು ನಾಯಿಗೆ ರಕ್ತ ಬೇಕಾದಾಗ ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆಸ್ಪತ್ರೆಗೋ ಬೆಂಗಳೂರಿನ ಖಾಸಗಿ ಚಿಕಿತ್ಸಾಲಯಕ್ಕೋ ಓಡುತ್ತಾರೆ. ಚಿಕ್ಕಬಳ್ಳಾಪುರದಿಂದ ಹೆಬ್ಬಾಳ ಸುಮಾರು 50 ಕಿಲೋಮೀಟರು; ಚಿಂತಾಮಣಿ, ಗೌರಿಬಿದನೂರುಗಳಿಂದ ಇನ್ನೂ ದೂರ. ಉಸಿರು ಏದುವ ಪ್ರಾಣಿಗೆ ಆ ದಾರಿಯೇ ಒಂದು ರೋಗ. ನಮಗೆ ಮೊದಲು ಬೇಕಾದದ್ದು ಒಂದು ಪಟ್ಟಿ. ಒಂದರಿಂದ ಎಂಟು ವರ್ಷದೊಳಗಿನ, 25 ಕಿಲೋ ಮೀರಿದ, ಲಸಿಕೆಗಳೆಲ್ಲ ಆದ, ಸೌಮ್ಯ ಸ್ವಭಾವದ ನಾಯಿಗಳು ಯಾರ ಮನೆಯಲ್ಲಿವೆ ಎಂಬ ಪಟ್ಟಿ ತಾಲ್ಲೂಕಿಗೊಂದು ಇರಲಿ. ಅವುಗಳ ರಕ್ತದ ಗುಂಪನ್ನು ಒಮ್ಮೆ ನೋಡಿಸಿ ಚೀಟಿಯಲ್ಲಿ ಬರೆದಿಡಲಿ. ಹೊರಗೆ ಆರೋಗ್ಯವಾಗಿ ಕಾಣುವ ನಾಯಿಯೂ ಒಳಗೆ ಉಣ್ಣೆಜ್ವರವನ್ನು ಹೊತ್ತಿರಬಹುದಾದ್ದರಿಂದ, ಆ ಪರೀಕ್ಷೆ ತಪ್ಪಕೂಡದು. 25 ಕಿಲೋ ತೂಕದ ನಾಯಿಯಲ್ಲಿ ಸುಮಾರು ಎರಡು ಲೀಟರು ರಕ್ತವಿರುತ್ತದೆ. ಒಂದು ಸಲಕ್ಕೆ 450 ಮಿಲಿಲೀಟರಿನ ಒಂದು ಚೀಲವೇ ಮಿತಿ. ಬೆಕ್ಕಿನಲ್ಲಿ ಅದು 50 ಮಿಲಿಲೀಟರಿನ ಸುಮಾರು. ಎರಡು ಸಲಗಳ ನಡುವೆ ಒಂದೆರಡು ತಿಂಗಳಾದರೂ ಅಂತರವಿರಬೇಕು. ಅದನ್ನೂ ಚೀಟಿಯಲ್ಲಿ ಬರೆಯಬೇಕು. ಪಟ್ಟಿ ಮಾಡುವ ಕೆಲಸವನ್ನು ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳು ಒಂದು ಬೇಸಿಗೆಯಲ್ಲಿ ಮುಗಿಸಬಲ್ಲರು.

ಇದರೊಡನೆ ಕೊಡಗೆಯೂ ಇರಬೇಕು. ರಕ್ತ ಕೊಟ್ಟ ನಾಯಿಯ ವರ್ಷದ ಲಸಿಕೆ, ಉಣ್ಣೆಗೆ ಮದ್ದು, ಪರೀಕ್ಷೆಯ ಖರ್ಚು ಇವನ್ನು ಅದರ ಯಜಮಾನನ ತಲೆಗೆ ಕಟ್ಟದೆ, ರಕ್ತ ಪಡೆದವರೂ ಪುರಸಭೆಯೂ ಹಂಚಿಕೊಳ್ಳಲಿ. ಇದು ರಕ್ತದ ಬೆಲೆಯಾಗದು. ಯಜಮಾನನ ಕೈಗೆ ಕಾಸು ಹೋಗದೆ ನಾಯಿಯ ಮೈಗೇ ಸಲ್ಲುವಂಥದು. ಮುಪ್ಪಿನಲ್ಲಿ ಅದನ್ನು ಬೀದಿಗೆ ಬಿಡುವುದಿಲ್ಲವೆಂದು ಯಜಮಾನನು ಒಪ್ಪಿಗೆಯ ಪತ್ರದಲ್ಲಿಯೇ ಬರೆದುಕೊಡಲಿ. ಯಜಮಾನನಿಲ್ಲದ ನಾಯಿಯಿಂದ ಒಂದು ಹನಿಯನ್ನೂ ತೆಗೆಯಕೂಡದು. ಹೊಣೆ ಹೊರುವವರಿಲ್ಲದ ಕಡೆ ಪಡೆಯುವ ಹಕ್ಕೂ ಇಲ್ಲ. ಸಾಕುವವನು ತನ್ನ ಪ್ರಾಣಿಯ ಕ್ಷೇಮವನ್ನು ನೋಡಬೇಕೆಂದು 1960ರ ಪ್ರಾಣಿಹಿಂಸೆ ನಿವಾರಣಾ ಕಾಯಿದೆಯೇ ಹೇಳಿದೆ. ನಾನು ಕೇಳುವುದು ಅದಕ್ಕಿಂತ ತುಸು ಮಾತ್ರ ಹೆಚ್ಚು.

ಆ ಹುಡುಗಿಯ ಪ್ರಶ್ನೆಗೆ ನನ್ನ ಉತ್ತರ ಇಷ್ಟು: ತೆಗೆದುಕೊಂಡೆವೆನ್ನುವುದೇ ಸರಿಯಾದ ಮಾತು. ತೆಗೆದುಕೊಂಡೆವೆಂದು ಒಪ್ಪಿದವನಿಗೆ ತೀರಿಸುವ ಯೋಚನೆ ಬರುತ್ತದೆ. ಮುಂದಿನ ಮಳೆಗಾಲದಲ್ಲಿ ಉಣ್ಣೆ ಹೆಚ್ಚುತ್ತದೆ. ಯಾವುದೋ ತೋಟದಲ್ಲಿ ಯಾವುದೋ ನಾಯಿ ನೆಲಹಿಡಿಯುತ್ತದೆ. ಆ ಹೊತ್ತಿಗೆ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಾದರೂ ಆ ಪಟ್ಟಿ ಸಿದ್ಧವಾಗಿರುವುದೆ?